ಆಲೂಗಡ್ಡೆ ಹೊಲದ ಶೇ. 2, ಅಡಿಕೆ ತೋಟದ ಕೊಳೆರೋಗ: ಸಂವೇದಕ ಜಾಲದ ಲೆಕ್ಕಾಚಾರ

ಸಿಂಗಾರ
ಪಿಎಚ್‌ಡಿ ಕೆಲಸಕ್ಕಾಗಿ ಆರು ಎಕರೆ ಅಡಿಕೆ ತೋಟದಲ್ಲಿ 40 ನೋಡ್‌ಗಳ (ಅಳೆದದ್ದನ್ನು ರೇಡಿಯೊದಲ್ಲಿ ಕಳಿಸುವ ಪುಟ್ಟ ಪೆಟ್ಟಿಗೆಗಳ) ಸಂವೇದಕ ಜಾಲ ಹಾಕುವ ಯೋಜನೆ ಇದೆ. ಕೊಳೆರೋಗದ ಮುನ್ಸೂಚನೆಗೆ ಉಷ್ಣಾಂಶ, ತೇವಾಂಶ, ಎಲೆ ಒದ್ದೆಯಾಗಿರುವ ಅವಧಿ ಬೇಕು. ಓದಿನ ಆರಂಭ ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಕೋಯೆನ್ ಲಾಂಗೆಂಡೋನ್ ಅವರ ಕೆಲಸದಿಂದ: 2003ರ ಟಿ-ಮ್ಯಾಕ್ (ನೋಡ್‌ನ ರೇಡಿಯೊ ಯಾವಾಗ ಎಚ್ಚರವಿರಬೇಕು, ಯಾವಾಗ ಮಲಗಬೇಕು ಎಂಬ ನಿಯಮಾವಳಿ), ಆಮೇಲೆ ಆಲೂಗಡ್ಡೆ ಹೊಲದಲ್ಲಿ ಮಾಡಿದ ಲೋಫಾರ್ ಅಗ್ರೋ ಪ್ರಯೋಗ. ಪ್ರಶ್ನೆ ಎರಡು. ಟಿ-ಮ್ಯಾಕ್ ತರಹದ ಬಹುನೆಗೆತದ ಜಾಲ, ಅಂದರೆ ನೋಡ್‌ನಿಂದ ನೋಡ್‌ಗೆ ಸಂದೇಶ ದಾಟಿಸುವುದು, ಈಗಲೂ ಬೇಕೇ, ಅಥವಾ ದೂರಕ್ಕೆ ನೇರವಾಗಿ ಕಳಿಸುವ ಲೋರಾವ್ಯಾನ್ ಸಾಕೇ? ಮಳೆಗಾಲದಲ್ಲಿ ದತ್ತಾಂಶ ಕಳೆದುಹೋಗದ ಹಾಗೆ ಏನೇನು ಮೊದಲೇ ಮಾಡಿಕೊಳ್ಳಬೇಕು?

ಡೆಸಿಬೆಲ್
ಆರಿಸಿಕೊಂಡ ಉದಾಹರಣೆ ಚೆನ್ನಾಗಿದೆ. ಆ ಹೊಲದಲ್ಲಿ ಅವರು ಬೆನ್ನು ಹತ್ತಿದ್ದು ಫೈಟಾಫ್ತೊರಾ ಕುಲದ ಅಂಗಮಾರಿಯನ್ನು. ಅಡಿಕೆಯ ಕೊಳೆರೋಗವೂ ಅದೇ ಕುಲದ್ದು, ಪ್ರಭೇದ ಮಾತ್ರ ಬೇರೆ. ನೂರಕ್ಕೂ ಹೆಚ್ಚು ನೋಡ್ ಹಾಕಿದರು, ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು ಶೇ. 2 ದತ್ತಾಂಶ. ಅದನ್ನು ಮುಚ್ಚಿಡದೆ 2006ರಲ್ಲಿ ಪ್ರಬಂಧ ಮಾಡಿ, ಯಾವ್ಯಾವುದು ಎಲ್ಲೆಲ್ಲಿ ಕೈಕೊಟ್ಟಿತು ಎಂದು ಬರೆದರು. ಈ ಕ್ಷೇತ್ರದಲ್ಲಿ ಅಂಥ ಪ್ರಬಂಧ ಅಪರೂಪ. ನನ್ನ ಲೆಕ್ಕದಲ್ಲಿ ಟಿ-ಮ್ಯಾಕ್‌ಗಿಂತ ಅದರ ಬೆಲೆ ಹೆಚ್ಚು.

ಟಿ-ಮ್ಯಾಕ್ ಬಂದ ಕಾಲದ ಕಷ್ಟವೇ ಬೇರೆ. ರೇಡಿಯೊ ಸುಮ್ಮನೆ ಕಿವಿಗೊಟ್ಟು ಕೂತರೂ ಸಂದೇಶ ಪಡೆಯುವಷ್ಟೇ ಕರೆಂಟು ತಿನ್ನುತ್ತಿತ್ತು. ಅದಕ್ಕೂ ಮೊದಲಿನ ಎಸ್-ಮ್ಯಾಕ್ ನಿಗದಿತ ಅವಧಿ ಎಚ್ಚರವಿದ್ದು ಉಳಿದ ಹೊತ್ತು ಮಲಗುತ್ತಿತ್ತು. ಟಿ-ಮ್ಯಾಕ್ ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಯಾವ ಸದ್ದೂ ಇಲ್ಲವೆಂದರೆ ಬೇಗನೆ ಮಲಗುತ್ತದೆ. ಉಳಿತಾಯ ದೊಡ್ಡದು. ಆದರೆ ಸಂದೇಶ ದಾಟುವ ಸಾಲಿನ ಮೂರನೆಯ ನೋಡ್ ತನಗೆ ಸಂದೇಶ ಬರಲಿದೆ ಎಂದು ಗೊತ್ತಾಗದೆ ಮಲಗಿಬಿಡುವ ತೊಂದರೆ ಅದರ ಜೊತೆಗೇ ಬಂತು. ಅದಕ್ಕೆ ಪರಿಹಾರವನ್ನೂ ಟಿ-ಮ್ಯಾಕ್ ಪ್ರಬಂಧದಲ್ಲೇ ಕೊಟ್ಟಿದ್ದಾರೆ.

ಲೋರಾವ್ಯಾನ್ ಎ ವರ್ಗದಲ್ಲಿ ಈ ತಲೆನೋವೇ ಇಲ್ಲ. ನೋಡ್ ಕಳಿಸುತ್ತದೆ, 1 ಸೆಕೆಂಡಿಗೆ ಒಂದು, 2 ಸೆಕೆಂಡಿಗೆ ಇನ್ನೊಂದು ಕಿಂಡಿ ತೆರೆದು ಉತ್ತರ ಬಂತೇ ಎಂದು ನೋಡುತ್ತದೆ, ಮಲಗುತ್ತದೆ. ಆರು ಎಕರೆಗೆ ಒಂದೇ ಗೇಟ್‌ವೇ (ಎಲ್ಲ ನೋಡ್‌ಗಳ ಸಂದೇಶ ಹಿಡಿಯುವ ಕೇಂದ್ರ ರೇಡಿಯೊ), ನಕ್ಷತ್ರಾಕಾರದ ಜಾಲ. ಬಹುನೆಗೆತ ಬೇಡ.

ಕಣಿವೆತೋಟ
ಅಷ್ಟು ಸಲೀಸಾಗಿ "ಬೇಡ" ಅನ್ನಬೇಡಿ ಸರ್. ಮಲೆನಾಡಿನ ಅಡಿಕೆ ತೋಟ ಇರುವುದೇ ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ, ಮನೆ ಇರುವುದು ಮೇಲೆ. ಗೇಟ್‌ವೇ ಮನೆಯ ಮಾಡಿನ ಮೇಲಿಟ್ಟರೆ ತೋಟದ ಕೆಳತುದಿಗೆ ದೃಷ್ಟಿರೇಖೆ ಸಿಗುವುದಿಲ್ಲ.

ಡೆಸಿಬೆಲ್
ಲೆಕ್ಕ ಹಾಕಿಯೇ ನೋಡೋಣ. 866 ಮೆಗಾಹರ್ಟ್ಸ್‌ನಲ್ಲಿ 300 ಮೀಟರ್ ದೂರಕ್ಕೆ ಬಯಲಿನ ನಷ್ಟ ಸುಮಾರು 81 ಡಿಬಿ (ಡೆಸಿಬೆಲ್). ಅಷ್ಟೂ ದೂರ ಎಲೆಯೊಳಗೇ ಹಾದುಹೋಗುತ್ತದೆ ಅಂದುಕೊಂಡರೆ ವೈಸ್‌ಬರ್ಗರ್ ಸೂತ್ರದ ಪ್ರಕಾರ ಇನ್ನೂ 36 ಡಿಬಿ. ಒಟ್ಟು 117. ನೋಡ್ 22 ಡಿಬಿಎಂ (ಡೆಸಿಬೆಲ್ ಮಾನದಲ್ಲಿ ಶಕ್ತಿಯ ಅಳತೆ) ಕಳಿಸುತ್ತದೆ, ಅದರ ಪುಟ್ಟ ಆಂಟೆನಾದ ಗಳಿಕೆ ಸೊನ್ನೆ ಅನ್ನಿ. ಗೇಟ್‌ವೇ ಆಂಟೆನಾ 5 ಡಿಬಿಐ, ಕೇಬಲ್ಲಿಗೆ 1 ಕಳೆಯಿರಿ. ತಲುಪುವುದು ಸುಮಾರು −91 ಡಿಬಿಎಂ.

ಇತ್ತ ಗ್ರಾಹಕದ ಮಿತಿ: 125 ಕಿಲೋಹರ್ಟ್ಸ್ ಪಟ್ಟಿಯ ಉಷ್ಣಗದ್ದಲ −123 ಡಿಬಿಎಂ, ಗ್ರಾಹಕದ ಸ್ವಂತ ಗದ್ದಲ 6 ಸೇರಿಸಿದರೆ −117. ಎಸ್‌ಎಫ್ ಎಂದರೆ ಸಂದೇಶವನ್ನು ಎಷ್ಟು ನಿಧಾನವಾಗಿ ಕಳಿಸುವುದು ಎಂಬ ಮಟ್ಟ, ಸಂಖ್ಯೆ ಏರಿದಷ್ಟೂ ನಿಧಾನ: ಎಸ್‌ಎಫ್7 ಅದಕ್ಕಿಂತ 7.5 ಡಿಬಿ ಕೆಳಗಿನದನ್ನೂ ಓದುತ್ತದೆ, ಎಸ್‌ಎಫ್9 12.5, ಎಸ್‌ಎಫ್12 20 ಡಿಬಿ ಕೆಳಗಿನದನ್ನು. ಅಂದರೆ ಎಸ್‌ಎಫ್7ಕ್ಕೇ −124.5. ಕೈಯಲ್ಲಿ 33 ಡಿಬಿ ಉಳಿದಿದೆ.

ಗುಡ್ಡದ ಅಂಚು ದೃಷ್ಟಿರೇಖೆಯನ್ನು ಸರಿಯಾಗಿ ಸವರಿಕೊಂಡು ಹೋದರೆ 6 ಡಿಬಿ ನಷ್ಟ. ಚೆನ್ನಾಗಿ ಅಡ್ಡ ಬಂದರೆ 14ರಿಂದ 19. ಅದನ್ನು ಕಳೆದರೂ ಎಸ್‌ಎಫ್9 ಆರಾಮಾಗಿ ನಡೆಯುತ್ತದೆ. ಹಾಗಾಗಿ ಗೇಟ್‌ವೇ ಮಾಡಿನ ಮೇಲೇ ಇರಲಿ, ಆದರೆ ಕಣಿವೆ ಕಡೆಯ ಅಂಚಿನಲ್ಲಿ, ಹಂಚಿಗಿಂತ 2 ಮೀಟರ್ ಮೇಲಕ್ಕೆ.

ಡೆಲ್ಫ್ಟ್‌ನವರ ಕಾಲದ ರೇಡಿಯೊಗಳಿಗೆ ಈ ಉಳಿಕೆ ಇರಲಿಲ್ಲ. ನೋಡ್‌ಗಳೂ ನೆಲಕ್ಕೆ ಹತ್ತಿರ, ಗಿಡದ ಮಧ್ಯೆ. ಅದಕ್ಕೇ ಅವರಿಗೆ ಬಹುನೆಗೆತ ಅನಿವಾರ್ಯವಾಯಿತು.

ಸಿಂಗಾರ
ಲೆಕ್ಕ ಅರ್ಥವಾಯಿತು, ಧನ್ಯವಾದ. ಎತ್ತರದ ಬಗ್ಗೆ ಒಂದು ಮಾತು: ನೋಡ್‌ಗಳನ್ನು ನೆಲದಿಂದ ಒಂದೂವರೆ ಮೀಟರ್ ಮೇಲೆ ಕಂಬಕ್ಕೆ ಕಟ್ಟುವ ಯೋಚನೆ ಇದೆ. ಸಾಕಲ್ಲವೇ?

ಕೊನೆಕಾರ
ರೇಡಿಯೊಗೆ ಸಾಕೋ ಇಲ್ಲವೋ ಅವರು ಹೇಳಲಿ. ಕೊಳೆರೋಗಕ್ಕೆ ಸಾಲುವುದಿಲ್ಲ ಮಾರಾಯ್ರೇ. ಕೊಳೆ ಹತ್ತುವುದು ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ. ಕೊನೆ ಇರುವುದು ಹತ್ತು ಹದಿನೈದು ಮೀಟರ್ ಮೇಲೆ, ಸೋಗೆಯ ಬುಡದಲ್ಲಿ. ಕೆಳಗೆ ಬಾಳೆ, ಕೋಕೋ, ಕಾಳುಮೆಣಸಿನ ಬಳ್ಳಿ ಇರುವ ತೋಟದಲ್ಲಿ ನೆಲದ ಹತ್ತಿರ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ತೇವಾಂಶ ನೂರರ ಹತ್ತಿರವೇ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮೇಲೆ ಹಾಗಲ್ಲ. ಮಳೆ ಬಿಟ್ಟು ಬಿಸಿಲು ಬಂದು ಗಾಳಿ ಆಡಿದರೆ ಕೊನೆ ಒಣಗುತ್ತದೆ, ಮತ್ತೆ ಮಳೆ, ಮತ್ತೆ ಬಿಸಿಲು. ರೋಗಕ್ಕೆ ಅನುಕೂಲವಾಗುವುದು ಈ ಆಟವೇ, ಜೊತೆಗೆ 20ರಿಂದ 23 ಡಿಗ್ರಿಯ ತಂಪು.

ಸಂವೇದಕ ಕೊನೆಯ ಮಟ್ಟದಲ್ಲೇ ಇರಬೇಕು. ಪೆಟ್ಟಿಗೆ ಮಾತ್ರ ಅದಕ್ಕಿಂತ ಒಂದು, ಒಂದೂವರೆ ಮೀಟರ್ ಕೆಳಗೆ, ಮರಕ್ಕೆ ನೈಲಾನ್ ಪಟ್ಟಿಯಲ್ಲಿ ಬಿಗಿದು. ಮೊಳೆ ಹೊಡೆಯಬೇಡಿ, ತೋಟದವರೂ ಒಪ್ಪುವುದಿಲ್ಲ. ಸೋಗೆ ಹಾಳೆಸಮೇತ ಬೀಳುವಾಗ ಕೆಳಗಿನದ್ದನ್ನೆಲ್ಲ ಕೆರೆದುಕೊಂಡು ಬರುತ್ತದೆ. ಮೇಲ್ಮುಖವಾಗಿ ನಿಂತ ಆಂಟೆನಾ ಒಂದು ಋತು ಉಳಿಯುವುದಿಲ್ಲ. ಪೆಟ್ಟಿಗೆಯ ತಳದಿಂದ ಕೆಳಮುಖ ಮಾಡಿ.

ಇನ್ನೊಂದು: ಮರ ಹತ್ತುವವರು ಸಿಗುವುದು ಅವರಿಗೆ ಬಿಡುವಾದಾಗ, ನಿಮಗೆ ಬೇಕಾದಾಗ ಅಲ್ಲ. ಮೊದಲ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಆ ಎರಡು ಹತ್ತುವಿಕೆ, ಆಮೇಲೆ ಕೊಯ್ಲು. ನಿಮ್ಮ ನಿರ್ವಹಣೆಯ ಕ್ಯಾಲೆಂಡರ್ ಅದೇ. ಅದರ ಮಧ್ಯೆ ಬ್ಯಾಟರಿ ಸತ್ತರೆ ಆ ನೋಡ್ ಸತ್ತಂತೆಯೇ. ಈಗ ದೋಟಿಯಲ್ಲಿ (ಉದ್ದನೆಯ ಕೋಲಿನಲ್ಲಿ) ಕೆಳಗಿನಿಂದಲೇ ಔಷಧಿ ಹೊಡೆಯುವ ತೋಟವಾದರೆ ಹತ್ತುವವರೇ ಬರುವುದಿಲ್ಲ, ಅದನ್ನೂ ವಿಚಾರಿಸಿಕೊಳ್ಳಿ.

ಡೆಸಿಬೆಲ್
ಆಂಟೆನಾಗೆ ಒಂದು ಸೇರಿಕೆ. ಈ ಕಂಪನಾಂಕದ ತರಂಗದೂರ 34.6 ಸೆಂ.ಮೀ. ಒದ್ದೆ ಮರಕ್ಕೆ ಅಂಟಿಕೊಂಡ ಆಂಟೆನಾ ಶ್ರುತಿ ತಪ್ಪುತ್ತದೆ. ಕಾಲು ತರಂಗದೂರವಾದರೂ, ಅಂದರೆ 9 ಸೆಂ.ಮೀ., ಸಾಧ್ಯವಾದರೆ 17 ಸೆಂ.ಮೀ. ಆಚೆ ನಿಲ್ಲುವ ಹಾಗೆ ಪಿವಿಸಿ ತುಂಡಿನ ಚಾಚು ಕೊಡಿ. ಎತ್ತರ ಸಿಗುವುದು ರೇಡಿಯೊಗೂ ಲಾಭ: 400 ಮೀಟರ್ ಕೊಂಡಿಯ ನಡುವೆ ಮೊದಲ ಫ್ರೆನೆಲ್ ವಲಯದ (ಸಂಕೇತ ಸರಾಗ ಸಾಗಲು ಖಾಲಿ ಇರಬೇಕಾದ ಜಾಗದ) ತ್ರಿಜ್ಯ ಸುಮಾರು 6 ಮೀಟರ್. ಒಂದೂವರೆ ಮೀಟರ್ ಎತ್ತರದ ನೋಡ್‌ಗೆ ಆ ವಲಯದ ದೊಡ್ಡ ಪಾಲು ನೆಲದೊಳಗೇ ಹೋಗುತ್ತದೆ.

ಮಿಲಿಆಂಪ್
ಬ್ಯಾಟರಿಯ ವಿಷಯ ನನಗಿರಲಿ. 12 ಬೈಟ್ ಹೊರೆ, ಲೋರಾವ್ಯಾನ್ ತಲೆಬಾಲ 13 ಬೈಟ್, ಒಟ್ಟು 25. ಒಂದು ಸಂದೇಶ ಗಾಳಿಯಲ್ಲಿರುವ ಹೊತ್ತು ಎಸ್‌ಎಫ್7ರಲ್ಲಿ 62 ಮಿಲಿಸೆಕೆಂಡ್, ಎಸ್‌ಎಫ್9ರಲ್ಲಿ 206, ಎಸ್‌ಎಫ್12ರಲ್ಲಿ 1,483. ಎಸ್‌ಎಕ್ಸ್1262 ರೇಡಿಯೊ ಚಿಪ್ 22 ಡಿಬಿಎಂಗೆ 118 ಮಿಲಿಆಂಪ್ ಎಳೆಯುತ್ತದೆ. 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಸಂದೇಶ:

ಎಸ್‌ಎಫ್7: ದಿನಕ್ಕೆ 0.19 ಮಿಲಿಆಂಪ್‌ಗಂಟೆ
ಎಸ್‌ಎಫ್9: 0.65
ಎಸ್‌ಎಫ್12: 4.7
ನಿದ್ದೆ 10 ಮೈಕ್ರೋಆಂಪ್ ಆದರೆ: 0.24

ಎಸ್‌ಎಫ್7ರಲ್ಲಿ ಮಾತಾಡುವುದಕ್ಕಿಂತ ಮಲಗುವುದಕ್ಕೇ ಹೆಚ್ಚು ಖರ್ಚು. ಜನ ಎಡವುವುದೂ ಇಲ್ಲೇ. ಅಗ್ಗದ ಅಭಿವೃದ್ಧಿ ಬೋರ್ಡುಗಳಲ್ಲಿರುವ ಎಎಂಎಸ್1117 ವೋಲ್ಟೇಜ್ ನಿಯಂತ್ರಕ ಸುಮ್ಮನೆ ಕೂತೇ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ. ದಿನಕ್ಕೆ 120 ಮಿಲಿಆಂಪ್‌ಗಂಟೆ! 2,600 ಮಿಲಿಆಂಪ್‌ಗಂಟೆಯ 18650 ಬ್ಯಾಟರಿ ಕೋಶ ಮೂರು ವಾರಕ್ಕೆ ಖಾಲಿ, ರೇಡಿಯೊ ಬಾಯಿ ಬಿಡದಿದ್ದರೂ. ಅದರ ಬದಲು ಎಂಸಿಪಿ1700 ಹಾಕಿದರೆ 2 ಮೈಕ್ರೋಆಂಪ್ ಒಳಗೆ. ವಿದ್ಯುತ್ ದೀಪದ ಎಲ್‌ಇಡಿ, ಯುಎಸ್‌ಬಿ ಚಿಪ್, ಬ್ಯಾಟರಿ ವೋಲ್ಟೇಜ್ ಅಳೆಯುವ ಎರಡು ರೋಧಕ, ಇವನ್ನೂ ಬಿಡಬೇಡಿ. 10 ಕಿಲೋ ಓಮಿನ ಎರಡು ರೋಧಕ 3.6 ವೋಲ್ಟಿಗೆ ಅಡ್ಡ ಕೂತರೆ 180 ಮೈಕ್ರೋಆಂಪ್ ನಿರಂತರ. ಒಂದು ಮೆಗಾ ಓಮ್ ಹಾಕಿ ಪಕ್ಕದಲ್ಲಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ.

ಸೌರಫಲಕ ಬೇಡವೇ ಬೇಡ. ಸೋಗೆಯ ನೆರಳು, ಮೋಡ, ಮೇಲೆ ಬೋರ್ಡೋ ದ್ರಾವಣದ ಸುಣ್ಣದ ಪದರ. ಡಿ ಗಾತ್ರದ ಲಿಥಿಯಂ ಥಯೋನಿಲ್ ಕ್ಲೋರೈಡ್ ಕೋಶ, ಇಆರ್34615, 19 ಆಂಪ್‌ಗಂಟೆ. ಎಸ್‌ಎಫ್12ರಲ್ಲೇ ಇಟ್ಟರೂ ನಿಮ್ಮ ಪ್ರಬಂಧ ಮುಗಿಯುವವರೆಗೆ ಸಾಕು. ಒಂದೇ ಎಚ್ಚರಿಕೆ: ಈ ಕೋಶ ಸುಮ್ಮನಿದ್ದಷ್ಟೂ ಲಿಥಿಯಂ ಮೇಲೆ ಪೊರೆ ಕಟ್ಟುತ್ತದೆ. ಆಗ ಏಕಾಏಕಿ 118 ಮಿಲಿಆಂಪ್ ಕೇಳಿದರೆ ವೋಲ್ಟೇಜ್ ಕುಸಿದು ನೋಡ್‌ನ ಮೈಕ್ರೋಕಂಟ್ರೋಲರ್ ಮರುಶುರುವಾಗುತ್ತದೆ, ಶುರುವಾದ ತಕ್ಷಣ ಜಾಲಕ್ಕೆ ಸೇರಲು ಮತ್ತೆ ಕಳಿಸುತ್ತದೆ, ಮತ್ತೆ ಕುಸಿಯುತ್ತದೆ. ಮೇಜಿನ ಮೇಲೆ ಹೊಸ ಕೋಶದಲ್ಲಿ ಇದು ಕಾಣಿಸುವುದೇ ಇಲ್ಲ. ಕೋಶಕ್ಕೆ ಸಮಾಂತರವಾಗಿ ಪಲ್ಸ್ ಕೆಪಾಸಿಟರ್ ಅಥವಾ ಕಡಿಮೆ ಸೋರಿಕೆಯ ಸೂಪರ್ ಕೆಪಾಸಿಟರ್ ಹಾಕಿ. ವೋಲ್ಟೇಜ್ ಅಳೆಯುವುದು ಕಳಿಸುತ್ತಿರುವಾಗಲೇ, ಮಲಗಿ ಎದ್ದಾಗ ಅಲ್ಲ.

ಸಿಂಗಾರ
ತೇವಾಂಶಕ್ಕೆ ಎಸ್‌ಎಚ್‌ಟಿ31 ಸಂವೇದಕ ತರಿಸಿದ್ದೇನೆ. ಎಲೆ ಒದ್ದೆತನಕ್ಕೆ ಸರ್ಕ್ಯೂಟ್ ಬೋರ್ಡಿನ (ಪಿಸಿಬಿ) ಮೇಲೆ ತಾಮ್ರದ ಗೆರೆಗಳ ಸ್ವಂತ ಜಾಲರಿ.

ಮಳೆಮಾಪಕ
ಎಸ್‌ಎಚ್‌ಟಿ31ರ ದತ್ತಾಂಶ ಪತ್ರದಲ್ಲೇ ಇದೆ: ಶೇ. 80ಕ್ಕಿಂತ ಹೆಚ್ಚಿನ ತೇವದಲ್ಲಿ 60 ಗಂಟೆ ಇದ್ದರೆ ಓದು ತಾತ್ಕಾಲಿಕವಾಗಿ ಶೇ. 3ರಷ್ಟು ಮೇಲಕ್ಕೆ ಜಾರಬಹುದು. ನಿಮ್ಮದು 60 ಗಂಟೆಯಲ್ಲ, ಮೂರು ತಿಂಗಳು. ಶೇ. 90 ದಾಟಿತೋ ಇಲ್ಲವೋ ಎಂಬುದರ ಮೇಲೆ ಮುನ್ಸೂಚನೆ ನಿಂತಿರುವಾಗ ಆ 3 ದೊಡ್ಡದೇ. ಅದರೊಳಗಿನ ಹೀಟರ್ ಕೆಲವೇ ಡಿಗ್ರಿ ಏರಿಸುತ್ತದೆ, ಸಂವೇದಕ ಬದುಕಿದೆಯೇ ಎಂದು ನೋಡಲಷ್ಟೇ ಸಾಕು. ಎಸ್‌ಎಚ್‌ಟಿ45ರ ಹೀಟರ್ 200 ಮಿಲಿವ್ಯಾಟ್‌ವರೆಗೆ ಹೋಗುತ್ತದೆ, ನಿಜವಾಗಿ ಒಣಗಿಸುತ್ತದೆ. ಕಾಯಿಸಿದ ಮೇಲೆ ತಣಿಯಲು ಬಿಟ್ಟು, ಆ ಮಧ್ಯದ ಓದನ್ನು ಎಸೆಯಿರಿ.

ಹಾಕುವ ಮೊದಲು, ತೆಗೆದ ಮೇಲೆ, ಎರಡೂ ಸಲ ಲವಣ ಪರೀಕ್ಷೆ. ಗಾಳಿಯಾಡದ ಡಬ್ಬಿಯಲ್ಲಿ ಉಪ್ಪನ್ನು ಒದ್ದೆ ಮರಳಿನ ಹದಕ್ಕೆ ಕಲಸಿ, ಸಂವೇದಕ ಅದಕ್ಕೆ ತಾಗದಂತೆ ತೂಗುಬಿಟ್ಟು 25 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ. ಸೋಡಿಯಂ ಕ್ಲೋರೈಡ್‌ಗೆ ಶೇ. 75.3 ಬರಬೇಕು, ಪೊಟ್ಯಾಸಿಯಂ ಸಲ್ಫೇಟ್‌ಗೆ 97.3. ನಿಮಗೆ ಮುಖ್ಯ ಎರಡನೆಯದು. ಅಡುಗೆ ಉಪ್ಪು, ಗೊಬ್ಬರದ ಸಲ್ಫೇಟ್ ಬೇಡ, ಪ್ರಯೋಗಾಲಯದ ಶುದ್ಧತೆಯದ್ದೇ ಇರಲಿ.

ಒದ್ದೆ ಜಾಲರಿಗೆ ಬೋರ್ಡೋ ಹಗೆ. ಮೈಲುತುತ್ತು, ಸುಣ್ಣ ಸೇರಿದ ಪದರ ಒಣಗಿದ್ದರೂ ತುಸು ತೇವ ಹೀರುತ್ತದೆ, ಜಾಲರಿಯ ರೋಧ ಇಳಿಯುತ್ತದೆ, ನೋಡ್ ಮಾತ್ರ "ಒದ್ದೆ, ಒದ್ದೆ" ಅನ್ನುತ್ತಲೇ ಇರುತ್ತದೆ. ಸಿಂಪಡಣೆಯ ದಿನ ಜಾಲರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿ, ಆಮೇಲೆ ಬಿಚ್ಚಿಸಿ. ಕಟ್ಟಿಸಲಾಗದಿದ್ದರೆ ಸಿಂಪಡಣೆ ಆದ ಮೇಲಿನ ಮೊದಲ ಬಿಸಿಲು ಮಧ್ಯಾಹ್ನದ ಓದನ್ನು ಹೊಸ "ಒಣ" ಮಟ್ಟವೆಂದು ಹಿಡಿಯಿರಿ. ಜಾಲರಿಗೆ ಏಕಮುಖ ವಿದ್ಯುತ್ ಕೊಡಬೇಡಿ, ತಾಮ್ರ ಕರಗಿ ಹೋಗುತ್ತದೆ. ದಿಕ್ಕು ಬದಲಿಸುತ್ತ ಕೆಲವು ಮಿಲಿಸೆಕೆಂಡ್ ಮಾತ್ರ ಕೊಡಿ. ಇನ್ನು, ಕೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವ ತೋಟವಾದರೆ ಸಂವೇದಕ ಕೊಟ್ಟೆಯ ಒಳಗೋ ಹೊರಗೋ ಎಂದು ಮೊದಲೇ ತೀರ್ಮಾನಿಸಿ ಬರೆದಿಡಿ. ಎರಡೂ ಬೇರೆ ಬೇರೆ ಹವಾಮಾನ.

ಕಣಿವೆತೋಟ
ಮಳೆಯಲ್ಲಿ ಸಂಕೇತ ಎಷ್ಟು ಇಳಿಯುತ್ತದೆ? ಯಾರೂ ಹೇಳಲಿಲ್ಲ.

ಡೆಸಿಬೆಲ್
ಮಳೆಹನಿಯಿಂದ ಇಳಿಯುವುದು ಇಲ್ಲವೆನ್ನುವಷ್ಟು. 1 ಗಿಗಾಹರ್ಟ್ಸ್ ಕೆಳಗೆ ಗಂಟೆಗೆ 100 ಮಿ.ಮೀ. ಸುರಿದರೂ ಕಿಲೋಮೀಟರಿಗೆ 0.01 ಡಿಬಿ ಮುಟ್ಟುವುದಿಲ್ಲ. ಒದ್ದೆ ಎಲೆ, ಒದ್ದೆ ಆಂಟೆನಾ ಬೇರೆ ಮಾತು.

ಇದೇ ಡೆಲ್ಫ್ಟ್ ಗುಂಪಿನಲ್ಲಿ ಆಲೂಗಡ್ಡೆ ಹೊಲದ ರೇಡಿಯೊ ಪ್ರಸರಣವನ್ನೇ ಅಳೆದ ಕೆಲಸವೊಂದಿದೆ, 2005ರದ್ದು. ಅಲ್ಲಿ ತೇವ ಹೆಚ್ಚಿದಾಗ, ರಾತ್ರಿ ಮತ್ತು ಮಳೆಯಲ್ಲಿ, ಸಂಕೇತ ಉತ್ತಮವಾಗಿಯೇ ಸಿಕ್ಕಿತು. ಎಲ್ಲರ ನಿರೀಕ್ಷೆಗೆ ತಿರುಗುಮುರುಗು. ಆದರೆ ಅದನ್ನು ಎತ್ತಿ ಅಡಿಕೆಗೆ ಅಂಟಿಸಬೇಡಿ. ಅಲ್ಲಿ ಮೊಣಕಾಲೆತ್ತರದ ಒತ್ತಾದ ಹಸಿರು ಹಾಸು. ಇಲ್ಲಿ 2.7 ಮೀಟರ್ ಅಂತರದ ಕಂಬಗಳು, ಎಲೆಯೆಲ್ಲ ಮೇಲೆ. ರಚನೆಯೇ ಬೇರೆ. ಬೇಸಿಗೆಯಲ್ಲಿ ಅಳೆದು ಮಳೆಗಾಲಕ್ಕೆ ಊಹಿಸುವುದು ಬೇಡ ಎಂಬಷ್ಟನ್ನು ಮಾತ್ರ ತೆಗೆದುಕೊಳ್ಳಿ.

ಇದಕ್ಕೆ ನೇರ ಸಂಬಂಧ ಲೋರಾವ್ಯಾನ್‌ನ ಎಡಿಆರ್‌ಗೆ, ಅಂದರೆ ನೋಡ್‌ನ ವೇಗ, ಶಕ್ತಿಯನ್ನು ಸರ್ವರ್ ತಾನೇ ಹೊಂದಿಸುವ ವ್ಯವಸ್ಥೆಗೆ. ಮೇ ತಿಂಗಳ ಒಣ ಹವೆಯಲ್ಲಿ ಸರ್ವರ್ "ನಿನಗೆ ಉಳಿಕೆ ಜಾಸ್ತಿ" ಎಂದು ನೋಡ್‌ನ ಶಕ್ತಿಯನ್ನು ತಗ್ಗಿಸುತ್ತಾ ಹೋಗುತ್ತದೆ. ಸಂಶೋಧನೆಯ ಜಾಲದಲ್ಲಿ ಎಡಿಆರ್ ಆಫ್ ಮಾಡಿ ಎಸ್‌ಎಫ್9, ಸ್ಥಿರ ಶಕ್ತಿ ಇಡಿ. ಇಲ್ಲವಾದರೆ ಸಂಕೇತ ಇಳಿದದ್ದು ಎಲೆಯಿಂದಲೋ ಸರ್ವರ್‌ನಿಂದಲೋ ಆಮೇಲೆ ಬಿಡಿಸಲಾಗದು.

ಪ್ರಸರಣ ನಷ್ಟದ ನಕ್ಷೆ ಬರೆಯುವಾಗ ಎರಡು ಸೂಕ್ಷ್ಮ. ಒಂದು, ಸಂಕೇತ ಗದ್ದಲಕ್ಕಿಂತ ಕೆಳಗಿದ್ದರೆ ಆರ್‌ಎಸ್‌ಎಸ್‌ಐ (ಬಂದ ಸಂಕೇತದ ಬಲ) ಗದ್ದಲವನ್ನೇ ಅಳೆಯುತ್ತದೆ. ಎಸ್‌ಎನ್‌ಆರ್ (ಸಂಕೇತ ಮತ್ತು ಗದ್ದಲದ ಅನುಪಾತ) ಸೊನ್ನೆಗಿಂತ ಕಡಿಮೆ ಇದ್ದಾಗ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಿ. ಎರಡು, ಬಂದು ತಲುಪದ ಪ್ಯಾಕೆಟ್ಟಿಗೆ ಆರ್‌ಎಸ್‌ಎಸ್‌ಐ ಇರುವುದಿಲ್ಲ. ಬಂದವನ್ನಷ್ಟೇ ಹಿಡಿದು ಸರಳರೇಖೆ ಎಳೆದರೆ ದೂರದ ನೋಡ್‌ಗಳಲ್ಲಿ ಅದೃಷ್ಟವಂತ ಪ್ಯಾಕೆಟ್ಟುಗಳ ಸರಾಸರಿ ಸಿಕ್ಕಿ ತೋಟ ನಿಜಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಕಳೆದವನ್ನು "ಮಿತಿಗಿಂತ ಕಡಿಮೆ" ಎಂದು ಲೆಕ್ಕಕ್ಕೆ ಸೇರಿಸಿ ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ ಹೊಂದಿಸಬೇಕು. ಮೌಲ್ಯಮಾಪಕರು ಕೇಳುವ ಪ್ರಶ್ನೆ ಇದು.

ಮಿಲಿಆಂಪ್
ಆದರೆ ಕಳೆದದ್ದು ರೇಡಿಯೊದಿಂದಲೇ ಎಂದು ಹೇಗೆ ಗೊತ್ತು? ಅದಕ್ಕೇ ಕಳೆದ ಒಂದೊಂದು ಪ್ಯಾಕೆಟ್ಟಿಗೂ ಕಾರಣ ಬರೆದಿಡುವಂತೆ ಜಾಲ ಕಟ್ಟಬೇಕು. ಲೋಫಾರ್ ಅಗ್ರೋದಲ್ಲಿ ಕೈಕೊಟ್ಟದ್ದರಲ್ಲಿ ದೂರದಿಂದ ಕೋಡ್ ಬದಲಿಸುವ ಡೆಲ್ಯೂಜ್ ಕೂಡ ಒಂದು. ನೋಡ್‌ಗಳು ಒಂದಕ್ಕೊಂದು ಕೋಡ್ ಹಂಚುತ್ತಲೇ ಕೂತು ಕೆಲವೇ ದಿನಗಳಲ್ಲಿ ಬ್ಯಾಟರಿ ಮುಗಿಸಿದವು. ಹೊರಗಿನಿಂದ ನೋಡಿದವರಿಗೆ ಇದೂ "ಸಂಕೇತ ಇಲ್ಲ" ಎಂದೇ ಕಾಣುತ್ತದೆ.

12 ಬೈಟ್ ಹೀಗೆ ಹಂಚಿ: ಕ್ರಮಸಂಖ್ಯೆ 2, ಮರುಶುರುವಿನ ಎಣಿಕೆ ಮತ್ತು ಕಾರಣ 1, ಕಳಿಸುವಾಗಿನ ವೋಲ್ಟೇಜ್ 1, ಪೆಟ್ಟಿಗೆಯೊಳಗಿನ ತೇವ 1. ಉಳಿದ 7ರಲ್ಲಿ ಈಗಿನ ಓದು 3 ಬೈಟ್, ಹಳೆಯ ಎರಡು ಓದು ತಲಾ 2 ಬೈಟ್‌ಗೆ ಅಡಕಗೊಳಿಸಿ. ಹಳೆಯವೆಂದರೆ ಹಿಂದಿನ ಎರಡಲ್ಲ. 4 ಮತ್ತು 16 ಸುತ್ತು ಹಿಂದಿನವು. ನಷ್ಟ ಸಾಲಾಗಿ ಬರುತ್ತದೆ, ಪಕ್ಕಪಕ್ಕದ ಮೂರೂ ಒಟ್ಟಿಗೇ ಹೋಗುತ್ತವೆ. ಹೀಗೆ ದೂರ ದೂರ ಹರಡಿದರೆ ಶೇ. 80 ತಲುಪುವ ಕೊಂಡಿಯಲ್ಲೂ ಶೇ. 99ರಷ್ಟು ಓದು ಸಿಗುವ ಲೆಕ್ಕ. ಜೊತೆಗೆ ಎಲ್ಲ ಓದೂ ನೋಡ್‌ನ ಫ್ಲ್ಯಾಶ್‌ನಲ್ಲಿ ಉಳಿಯಲಿ, ಕೊಯ್ಲಿನಲ್ಲಿ ಇಳಿಸಿದಾಗ ತೆಗೆದುಕೊಳ್ಳಬಹುದು.

ಕ್ರಮಸಂಖ್ಯೆಗೆ ಲೋರಾವ್ಯಾನ್‌ನ ಫ್ರೇಮ್ ಎಣಿಕೆಯನ್ನು ನಂಬಬೇಡಿ, ಮತ್ತೆ ಸೇರಿದಾಗ ಅದು ಸೊನ್ನೆಗೆ ಹೋಗುತ್ತದೆ. ಗೇಟ್‌ವೇ ಬದುಕಿದ್ದ ಸಮಯವನ್ನು ಬೇರೆಯೇ ದಾಖಲಿಸಿ. ಮಳೆಗಾಲದಲ್ಲಿ ಕರೆಂಟು ಹೋದರೆ ಹೋಯಿತು. 12 ವೋಲ್ಟಿನ ಬ್ಯಾಟರಿ ಕೊಟ್ಟು, ಗೇಟ್‌ವೇಯಲ್ಲೇ ಚರ್ಪ್‌ಸ್ಟ್ಯಾಕ್ ಎಂಬ ಲೋರಾವ್ಯಾನ್ ಸರ್ವರ್ ತಂತ್ರಾಂಶ ಓಡಿಸಿದರೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ದತ್ತಾಂಶ ಮನೆಯಲ್ಲೇ ಶೇಖರವಾಗುತ್ತದೆ.

ಎಲ್ಲ ನೋಡ್‌ಗಳೂ ಗಡಿಯಾರ ನೋಡಿ ಸರಿಯಾಗಿ ಕಾಲು ಗಂಟೆಗೆ ಕಳಿಸಿದರೆ ಒಂದರ ಮೇಲೊಂದು ಬೀಳುತ್ತವೆ. ಓದು ಕಾಲು ಗಂಟೆಗೇ ಆಗಲಿ, ಕಳಿಸುವುದನ್ನು 0ರಿಂದ 600 ಸೆಕೆಂಡ್ ಯಾದೃಚ್ಛಿಕವಾಗಿ ತಡಮಾಡಿ. ಹಾಗೆ ಹರಡಿದರೆ 40 ನೋಡ್, ಮೂರು ಚಾನೆಲ್, ಎಸ್‌ಎಫ್9ಕ್ಕೆ ಡಿಕ್ಕಿ ಶೇ. 1ರ ಆಸುಪಾಸು. ಎಸ್‌ಎಫ್12ಕ್ಕೆ ಅದರ ಏಳು ಪಟ್ಟು. ಗೇಟ್‌ವೇ ಬಿದ್ದು ಎದ್ದಾಗ ಎಲ್ಲವೂ ಒಟ್ಟಿಗೇ ಸೇರಿಕೊಳ್ಳಲು ನುಗ್ಗದಂತೆ ಸೇರುವ ಯತ್ನಕ್ಕೂ ಯಾದೃಚ್ಛಿಕ ತಡ ಬೇಕು.

ಕೊನೆಕಾರ
ಪೆಟ್ಟಿಗೆಯ ಬಗ್ಗೆ. ಐಪಿ65 (ಧೂಳು, ನೀರು ತಡೆಯುವ ದರ್ಜೆ) ಬರೆದಿದ್ದರೂ ನೀರು ಒಳಗೆ ಬರುತ್ತದೆ, ಸೋರಿ ಅಲ್ಲ, ಉಸಿರಾಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಮಳೆ ಬಂದು ತಣಿದಾಗ ಕೇಬಲ್ ಸಂದಿಯಿಂದ ತೇವದ ಗಾಳಿ ಎಳೆದುಕೊಳ್ಳುತ್ತದೆ. ಸಿಲಿಕಾ ಜೆಲ್ ಒಂದು ವಾರಕ್ಕೆ ಮುಗಿಯಿತು. ಗಾಳಿ ಬಿಟ್ಟು ನೀರು ಬಿಡದ ಪೊರೆಯ ವೆಂಟ್ ಪ್ಲಗ್ ತಳಕ್ಕೆ ಹಾಕಿ, ಕೇಬಲ್ ಗ್ಲ್ಯಾಂಡ್ ಕೆಳಮುಖ, ಕೇಬಲ್ಲಿಗೆ ಒಂದು ಸುತ್ತು ಇಳಿಬಿಟ್ಟು ನೀರು ಅಲ್ಲೇ ತೊಟ್ಟಿಕ್ಕುವ ಹಾಗೆ. ಬೋರ್ಡಿಗೆ ತೇವ ತಡೆಯುವ ಲೇಪ (ಕನ್ಫಾರ್ಮಲ್ ಕೋಟಿಂಗ್), ಆದರೆ ತೇವ ಸಂವೇದಕದ ಕಿಂಡಿಗೆ ಬೀಳದಂತೆ. ಸಣ್ಣ ಸಂದಿ ಬಿಟ್ಟರೆ ಇರುವೆ ಗೂಡು ಕಟ್ಟುವುದು ಖಂಡಿತ.

ಬಯಲುಸೀಮೆ
ಸ್ವಲ್ಪ ಹೊರಗಿನ ಮಾತು. ಇದೇ ಕಾಲದಲ್ಲಿ ನಮ್ಮಲ್ಲೂ ಒಂದು ಪ್ರಯೋಗ ನಡೆದಿತ್ತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಲೊಸಾನ್‌ನ ಇಪಿಎಫ್‌ಎಲ್ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಾಡಿದ ಕಾಮನ್‌ಸೆನ್ಸ್ ನೆಟ್. ಮಳೆಯಾಶ್ರಿತ ಶೇಂಗಾ ಬೆಳೆಯುವ ಸಣ್ಣ ರೈತರಿಗಾಗಿ. ನೋಡ್ ಕೊಳ್ಳುವ ಮೊದಲು ರೈತರಿಗೆ ಯಾವ ಮಾಹಿತಿ ಬೇಕು ಎಂಬ ಸಮೀಕ್ಷೆಯಿಂದ ಅವರು ಶುರು ಮಾಡಿದ್ದರು. ನಿಮ್ಮ ತೋಟದವರಿಗೂ ಕೇಳಿ: ಮುನ್ಸೂಚನೆ ಎಷ್ಟು ದಿನ ಮೊದಲು ಸಿಕ್ಕರೆ ಉಪಯೋಗ? ಶೇ. 1ರ ಬೋರ್ಡೋಗೆ ತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್, ಅದನ್ನು ಕಲಸುವುದು ಸುಲಭ. ಆಳು ಹೊಂದಿಸುವುದು, ಎರಡು ದಿನ ಹೊಳವು (ಮಳೆಯ ಬಿಡುವು) ಸಿಗುವುದು ಕಷ್ಟ. "ನಾಳೆ ರೋಗ" ಎನ್ನುವ ಮುನ್ಸೂಚನೆ ಅವರಿಗೆ ಏನಕ್ಕೂ ಬಾರದು.

ಸಿಂಗಾರ
ಈ ಕೊನೆಯ ಪ್ರಶ್ನೆ ನನ್ನ ಪ್ರಸ್ತಾವದಲ್ಲೇ ಇರಲಿಲ್ಲ, ಸೇರಿಸುತ್ತೇನೆ. ಪರವಾನಗಿ ಬೇಕಾಗುತ್ತದೆಯೇ? ಗೇಟ್‌ವೇಗೆ ಯಾವ ಕಂಪನಾಂಕ ಕೊಡಲಿ?

ಡೆಸಿಬೆಲ್
2005ರಿಂದಲೇ 865–867 ಮೆಗಾಹರ್ಟ್ಸ್ ಪರವಾನಗಿ ಮುಕ್ತ. 2021ರಲ್ಲಿ 868ರವರೆಗೆ ಹಿಗ್ಗಿಸಿದರು. ಕಳಿಸುವ ಶಕ್ತಿ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್‌ವರೆಗೆ. ಆದರೆ ರೇಡಿಯೊ ಮಾಡ್ಯೂಲಿಗೆ ಇಟಿಎ (ಸರ್ಕಾರದ ಉಪಕರಣ ಮಾದರಿ) ಅನುಮೋದನೆ ಇದೆಯೇ ಎಂದು ಕೊಳ್ಳುವಾಗಲೇ ನೋಡಿ.

ಭಾರತದ ಲೋರಾವ್ಯಾನ್ ಪಟ್ಟಿಯಾದ ಐಎನ್865ರ ಮೂಲ ಚಾನೆಲ್ 865.0625, 865.4025, 865.985. ಗೇಟ್‌ವೇಯ ಎರಡು ರೇಡಿಯೊಗಳ ನಡುಕಂಪನಾಂಕ 865.2325 ಮತ್ತು 865.985 ಇಡಿ. ಮೊದಲ ಎರಡು ಚಾನೆಲ್ ಮೊದಲನೆಯದರ ಎರಡು ಪಕ್ಕ 0.17 ಮೆಗಾಹರ್ಟ್ಸ್ ದೂರದಲ್ಲಿ ಕೂರುತ್ತವೆ. ಎರಡನೆಯ ಕಿಂಡಿ 866.550, ಎಸ್‌ಎಫ್10. ಯುರೋಪಿನ 868ರ ಕಡತವನ್ನೇ ಬಿಟ್ಟರೆ ಗೇಟ್‌ವೇ ಓಡುತ್ತಿರುವಂತೆ ಕಾಣುತ್ತದೆ, ಒಂದು ಪ್ಯಾಕೆಟ್ಟೂ ಬರುವುದಿಲ್ಲ. ಆಂಟೆನಾವೂ ಅಷ್ಟೇ: 915ಕ್ಕೆ ಮಾಡಿದ್ದನ್ನು 868 ಎಂದು ಮಾರುತ್ತಾರೆ, ವಿಎನ್‌ಎಯಲ್ಲಿ (ಆಂಟೆನಾ ಪರೀಕ್ಷಿಸುವ ಉಪಕರಣದಲ್ಲಿ) 866ರ ಬಳಿ ಪ್ರತಿಫಲನ −10 ಡಿಬಿಗಿಂತ ಕೆಳಗಿದೆಯೇ ಎಂದು ಒಂದೊಂದನ್ನೂ ನೋಡಿಯೇ ಮರ ಹತ್ತಿಸಿ.